ಸ್ಟಾಲಿನ್‌ನಿಂದ ಗೊರ್ಬಚೆವ್‌ವರೆಗೆ: ಗೋಡೆಯ ಫೋಟೋ ಬದಲಾಯಿತು, ಕ್ಯೂ ಬದಲಾಯಿತಾ?

ಅಟ್ಟದ ಇಲಿ:
ಮೂಡಿಗೆರೆ ಹತ್ತಿರದ ನಮ್ಮ ಹಳೇ ಮನೆ ರಿಪೇರಿಗೆ ಅಂತ ಅಟ್ಟ ಖಾಲಿ ಮಾಡುತ್ತಿದ್ದೆವು. ಒಂದು ಟ್ರಂಕ್ ತುಂಬ ತಾತ ತರಿಸುತ್ತಿದ್ದ ‘ಸೋವಿಯತ್ ಲ್ಯಾಂಡ್’ ಪತ್ರಿಕೆ ಸಿಕ್ಕಿತು. ಅರ್ಧಕ್ಕರ್ಧ ಸಂಚಿಕೆಗಳಲ್ಲಿ ನಡುವಿನ ಹಾಳೆಯೇ ಇಲ್ಲ, ಅಪ್ಪ ಚಿಕ್ಕಪ್ಪಂದಿರು ಸ್ಕೂಲ್ ಪುಸ್ತಕಕ್ಕೆ ಬೈಂಡ್ ಹಾಕಲು ಕಿತ್ತಿದ್ದಾರೆ. ಉಳಿದ ಪುಟಗಳಲ್ಲಿ ಎಲ್ಲರೂ ನಗುತ್ತಿದ್ದಾರೆ. ಟ್ರ್ಯಾಕ್ಟರ್ ಮೇಲೆ ಕೂತವಳು ನಗುತ್ತಾಳೆ, ಹಾಲು ಕರೆಯುವವಳು ನಗುತ್ತಾಳೆ, ಹಸು ಕೂಡ ನಗುತ್ತಿದೆಯೇನೋ ಅನ್ನಿಸುತ್ತದೆ.

ಪ್ರಶ್ನೆ ಇಷ್ಟೇ. ಸ್ಟಾಲಿನ್ ಹೋಗಿ ಕ್ರುಶ್ಚೇವ್ ಬಂದಾಗ, ಆಮೇಲೆ ಬ್ರೆಜ್ನೆವ್ ಬಂದಾಗ, ಕೊನೆಗೆ ಗೊರ್ಬಚೆವ್ ಬಂದಾಗ, ಸೋವಿಯತ್ ಒಕ್ಕೂಟದ, ಅಂದರೆ ನಾವು ರಷ್ಯಾ ಅನ್ನುತ್ತಿದ್ದ ದೇಶದ, ಸಾಮಾನ್ಯ ಜನರ ದಿನ ನಿಜಕ್ಕೂ ಬದಲಾಯಿತಾ? ನನ್ನ ಲೆಕ್ಕದಲ್ಲಿ ಇಲ್ಲ. ಅದೇ ಪಕ್ಷ, ಅದೇ ಕ್ಯೂ, ಗೋಡೆ ಮೇಲಿನ ಫೋಟೋ ಮಾತ್ರ ಬೇರೆ. ಒಪ್ಪದವರು ಬನ್ನಿ.

ಬೆಂಕಿಪೊಟ್ಟಣ:
ಇದಕ್ಕೆ ಚರ್ಚೆ ಬೇರೆ ಬೇಕಾ ಗುರು. ಎಲ್ಲಾ ಒಂದೇ. ಮುಂದೆ ಹೋಗೋಣ.

ಯೂನಿಯನ್ ರಾಯರು:
ತಮ್ಮಾ ಇಲಿ, ‘ಅದೇ ಕ್ಯೂ’ ಅಂತ ಒಂದೇ ಮಾತಲ್ಲಿ ಮುಗಿಸಬೇಡಿ. ನಾನು ಮೂವತ್ತೈದು ವರ್ಷ ಬ್ಯಾಂಕ್ ನೌಕರರ ಸಂಘದಲ್ಲಿ ಇದ್ದವನು, ನವಕರ್ನಾಟಕದ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ರಷ್ಯಾದ ಪುಸ್ತಕ ಓದಿಕೊಂಡೇ ಬೆಳೆದವನು, ಹಾಗಾಗಿ ನನಗೆ ಸ್ವಲ್ಪ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ. ಆದರೆ ಲೆಕ್ಕ ಲೆಕ್ಕವೇ. ಓದು ಬಾರದ ರೈತರ ದೇಶ ಅದು. ಎರಡನೇ ಮಹಾಯುದ್ಧದಲ್ಲಿ ಸುಮಾರು 2.7 ಕೋಟಿ ಜನ ಸತ್ತರು. ಅಂಥ ದೇಶ 1961ರ ಏಪ್ರಿಲ್ 12ಕ್ಕೆ ಗಗಾರಿನ್‌ನನ್ನು ಆಕಾಶಕ್ಕೆ ಕಳಿಸಿತು. ಯುದ್ಧ ಮುಗಿದು ಎರಡೇ ವರ್ಷಕ್ಕೆ, 1947ರ ಡಿಸೆಂಬರ್‌ನಲ್ಲಿ, ರೇಷನ್ ಕಾರ್ಡ್ ತೆಗೆದರು. ಆಮೇಲೆ ವರ್ಷ ವರ್ಷ ಬೆಲೆ ಇಳಿಸುತ್ತಾ ಬಂದರು. ಬೆಲೆ ಇಳಿದದ್ದನ್ನು ನೀವು ಯಾವತ್ತಾದರೂ ನೋಡಿದ್ದೀರಾ? ಅಲ್ಲಿನ ಮುದುಕರು ಸ್ಟಾಲಿನ್ ಹೆಸರು ಎತ್ತಿದರೆ ಇವತ್ತಿಗೂ ಅದನ್ನೇ ಹೇಳುವುದು. ಮಾಸ್ಕೋ ಮೆಟ್ರೋ ಟಿಕೆಟ್ 1961ರಿಂದ 1991ರವರೆಗೆ ಐದೇ ಕೊಪೆಕ್ (ನೂರು ಕೊಪೆಕ್ ಸೇರಿದರೆ ಒಂದು ರೂಬಲ್). ಮೂವತ್ತು ವರ್ಷ! ನಮ್ಮಲ್ಲಿ ಬಸ್ ಚಾರ್ಜ್ ಮೂವತ್ತು ತಿಂಗಳು ನಿಲ್ಲಲ್ಲ.

ಧಾರವಾಡದ ಮೇಡಂ:
ರಾಯರೇ, ಬೆಲೆ ಇಳಿಸಿದ್ದು ಖರೇ. ಆದರೆ ಯಾರಿಗೆ ಇಳಿಯಿತು ಅಂತನೂ ಹೇಳ್ರಿ. ಸರ್ಕಾರಿ ಅಂಗಡಿ ಇದ್ದದ್ದು ಪಟ್ಟಣದಲ್ಲಿ. ಹಳ್ಳಿಯವರು ಕೊಡುತ್ತಿದ್ದ ಕಾಳಿಗೆ ಸಿಗುತ್ತಿದ್ದ ದುಡ್ಡು ಸಾಗಣೆ ಖರ್ಚಿಗೂ ಸಾಲುತ್ತಿರಲಿಲ್ಲ.

ನಾನು ಕಾಲೇಜಿನಲ್ಲಿ ಇತಿಹಾಸ ಹೇಳುವವಳು. ಮಕ್ಕಳಿಗೆ ನಾಯಕರ ಹೆಸರು ಬಾಯಿಪಾಠ ಮಾಡಿಸೋದಕ್ಕಿಂತ ಒಂದು ಅಡುಗೆಮನೆ ತೋರಿಸಿದರೆ ಸಾಕು ಅನ್ನಿಸುತ್ತದೆ. ಸ್ಟಾಲಿನ್ ಕಾಲದ ಪಟ್ಟಣದ ಮನೆ ಅಂದರೆ ‘ಕೊಮ್ಮುನಾಲ್ಕಾ’. ಒಂದು ದೊಡ್ಡ ಮನೆ, ಕೋಣೆಗೊಂದು ಸಂಸಾರ, ಎಲ್ಲರಿಗೂ ಸೇರಿ ಒಂದೇ ಅಡುಗೆಮನೆ, ಒಂದೇ ಸಂಡಾಸು. ಬಾಗಿಲಲ್ಲಿ ಚೀಟಿ: ಇಂಥವರಿಗೆ ಒಂದು ಸಲ ಗಂಟೆ ಒತ್ತಿ, ಇಂಥವರಿಗೆ ಮೂರು ಸಲ. ಕೆಲವು ಕಡೆ ಅಡುಗೆಮನೆಯ ಛಾವಣಿಯಿಂದ ಐದಾರು ಬಲ್ಬ್ ಜೋತಾಡುತ್ತಿದ್ದವು. ಒಬ್ಬೊಬ್ಬರ ಬಲ್ಬಿಗೆ ಒಂದೊಂದು ಸ್ವಿಚ್, ಒಂದೊಂದು ಮೀಟರ್. ಒಲೆ ಪಕ್ಕದಲ್ಲಿ ನಿಂತ ಹೆಂಗಸು ಗೆಳತಿಯೂ ಆಗಿರಬಹುದು, ನಿಮ್ಮ ಕೋಣೆ ಸಿಗಲಿ ಅಂತ ನಿಮ್ಮ ಮೇಲೆ ಅರ್ಜಿ ಬರೆದು ಹಾಕುವವಳೂ ಆಗಿರಬಹುದು. 1937–38ರಲ್ಲಿ ರಾತ್ರಿ ಹೊತ್ತು ಗುಪ್ತ ಪೊಲೀಸರು ಬಾಗಿಲು ಬಡಿದರೆ ಇಡೀ ಮನೆ ಉಸಿರು ಹಿಡಿದು ಕೇಳುತ್ತಿತ್ತು, ಯಾರ ಕೋಣೆಗೆ ಬಂದರು ಅಂತ. ಆ ಎರಡು ವರ್ಷದಲ್ಲಿ ಗುಂಡಿಕ್ಕಿ ಕೊಂದವರು ಸರ್ಕಾರದ ದಾಖಲೆಯಲ್ಲೇ 6.8 ಲಕ್ಷಕ್ಕೂ ಜಾಸ್ತಿ.

ಇನ್ನೊಂದು. 1940ರ ಜೂನ್ 26ರ ಕಾನೂನು ಗೊತ್ತಿರಬೇಕಲ್ಲ ನಿಮಗೆ, ಯೂನಿಯನ್‌ನವರು? ಕೆಲಸಕ್ಕೆ 20 ನಿಮಿಷಕ್ಕಿಂತ ಜಾಸ್ತಿ ತಡವಾದರೆ ಅಪರಾಧ. ಕೋರ್ಟು, ಆರು ತಿಂಗಳವರೆಗೆ ಸಂಬಳದ ಕಾಲು ಭಾಗ ಖೋತಾ. ಹೇಳದೆ ಕೆಲಸ ಬಿಟ್ಟರೆ ಜೈಲು. ಟ್ರಾಮ್ ತಪ್ಪಿದರೆ ಎದೆ ಧಸಕ್ ಅನ್ನುವ ಬದುಕು. ಅದು ಅಪರಾಧ ಅಲ್ಲ ಅಂತಾದದ್ದು 1956ರಲ್ಲಿ. ಅಂದರೆ ನಾಯಕ ಬದಲಾದ ಮೇಲೆ. ಇಲಿಯವರೇ, ಇದು ಬದಲಾವಣೆ ಅಲ್ಲವೇನು?

ಅಟ್ಟದ ಇಲಿ:
ಇಪ್ಪತ್ತು ನಿಮಿಷಕ್ಕೆ ಕೋರ್ಟಾ? ಬೆಂಗಳೂರಲ್ಲಿ ಆ ಕಾನೂನು ಬಂದರೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲೇ ಜೈಲು ಕಟ್ಟಬೇಕು.

ಸರಿ, ಸ್ಟಾಲಿನ್ ಕಾಲ ಬೇರೆ ಅಂತ ಒಪ್ಪಿದೆ. ಆದರೆ ಆಮೇಲಿನವರು?

ಲೈಪ್‌ಜಿಗ್ ಅಳಿಯ:
ನನ್ನ ಹೆಂಡತಿ ರಷ್ಯಾದವಳು. ಅವಳ ಅಮ್ಮ ತೂಲಾ ಕಡೆಯವರು, ಈಗ ನಮ್ಮ ಜೊತೆಗೇ ಇದ್ದಾರೆ. ಇಲ್ಲೇ ಪಕ್ಕದ ಕೋಣೆಯಲ್ಲಿ ಪ್ಲಾಸ್ಟಿಕ್ ಕವರ್ ತೊಳೆದು ಒಣಗಲು ಹಾಕುತ್ತಿದ್ದಾರೆ. ಮನೆಯಲ್ಲಿ ಕವರ್‌ಗೆ ಬರ ಇಲ್ಲ, ಆದರೂ ಬಿಡಲ್ಲ. ‘ಯಾರ ಕಾಲ ಚೆನ್ನಾಗಿತ್ತು’ ಅಂತ ಈಗ ಕೇಳಿದೆ. ಒಂದು ಕ್ಷಣವೂ ಯೋಚಿಸದೆ ಬ್ರೆಜ್ನೆವ್ ಅಂದರು. ಪುಸ್ತಕದಲ್ಲೆಲ್ಲ ಆ ಕಾಲಕ್ಕೆ ‘ನಿಂತ ನೀರು’ ಅಂತ ಬರೆಯುತ್ತಾರೆ, ಅತ್ತೆಗೆ ಮಾತ್ರ ಅದೇ ಬೇಕಂತೆ. 1967ರಲ್ಲಿ ಶನಿವಾರವೂ ರಜೆ ಆಯಿತು. ಊರ ಹೊರಗೆ ಆರು ‘ಸೋತ್ಕಾ’ ಜಾಗ ಸಿಕ್ಕಿತು, ಆಲೂಗಡ್ಡೆ, ಸೌತೆಕಾಯಿ ಬೆಳೆದುಕೊಂಡರು. ಒಂದು ಸೋತ್ಕಾ ಅಂದರೆ ನೂರು ಚದರ ಮೀಟರ್, ಹೆಚ್ಚುಕಡಿಮೆ ನಮ್ಮ ಒಂದು ಗುಂಟೆ. ಆರು ಗುಂಟೆ ಅಂದಾಗ ನಮ್ಮಪ್ಪನಿಗೆ ತಕ್ಷಣ ಅರ್ಥವಾಯಿತು, ನನಗೇ ಆಗಿರಲಿಲ್ಲ.

ಅತ್ತೆಯ ಒಗಟು ಕೇಳಿ: ಉದ್ದಕ್ಕಿದೆ, ಹಸಿರಿದೆ, ಸಾಸೇಜ್ ವಾಸನೆ ಬರುತ್ತದೆ, ಏನು?

ಬೆಂಕಿಪೊಟ್ಟಣ:
ಮೊಸಳೆ?

ಲೈಪ್‌ಜಿಗ್ ಅಳಿಯ:
ಮಾಸ್ಕೋದಿಂದ ವಾಪಸ್ ಬರುವ ರೈಲು ಸ್ವಾಮಿ. ತೂಲಾದ ಅಂಗಡಿಯಲ್ಲಿ ಮಾಂಸ, ಸಾಸೇಜ್ ಇರುತ್ತಿರಲಿಲ್ಲ. ಮಾಸ್ಕೋದಲ್ಲಿ ಇರುತ್ತಿತ್ತು. ಅದಕ್ಕೆ ಶನಿವಾರ ಬೆಳಗ್ಗೆ ಎದ್ದು ರೈಲು ಹತ್ತಿ, ಸುಮಾರು 180 ಕಿಲೋಮೀಟರ್ ಹೋಗಿ, ಕ್ಯೂ ನಿಂತು, ಅಲ್ಲಿಂದ ಹೊತ್ತು ತರುವುದು. ‘ಡಾಕ್ಟರ್ ಸಾಸೇಜ್’ ಕಿಲೋಗೆ 2 ರೂಬಲ್ 20 ಕೊಪೆಕ್, ವರ್ಷಗಟ್ಟಲೆ ಅದೇ ಬೆಲೆ. ರಾಯರು ಹೇಳಿದ್ದು ಸರಿ, ಬೆಲೆ ಏರುತ್ತಿರಲಿಲ್ಲ. ಮಾಲೇ ಇಲ್ಲದ ಮೇಲೆ ಬೆಲೆ ಏರಿದರೆಷ್ಟು ಬಿಟ್ಟರೆಷ್ಟು. ಎಲ್ಲರ ಜೇಬಿನಲ್ಲೂ ಒಂದು ಬಲೆ ಚೀಲ ಇರುತ್ತಿತ್ತಂತೆ, ಮಡಚಿದರೆ ಮುಷ್ಟಿಯಷ್ಟು. ಹೆಸರು ‘ಅವೋಸ್ಕಾ’. ‘ಏನಾದರೂ ಸಿಕ್ಕೀತು, ಇಟ್ಟುಕೊಂಡಿರು’ ಅನ್ನುವ ಅರ್ಥದ ಹೆಸರು. ಅತ್ತೆ ಕ್ಯೂ ಕಂಡರೆ ಮೊದಲು ಹೋಗಿ ನಿಲ್ಲುತ್ತಿದ್ದರಂತೆ, ಆಮೇಲೆ ಏನು ಕೊಡ್ತಿದ್ದಾರೆ ಅಂತ ಕೇಳುತ್ತಿದ್ದರಂತೆ. ಒಂದು ಸಲ ಟಾಯ್ಲೆಟ್ ಪೇಪರ್ ಸಿಕ್ಕಿ, ಹತ್ತು ಸುರುಳಿ ದಾರಕ್ಕೆ ಪೋಣಿಸಿ ಕೊರಳಿಗೆ ಹಾರದ ಹಾಗೆ ಹಾಕಿಕೊಂಡು ಬಂದರಂತೆ. ದಾರಿಯಲ್ಲಿ ಯಾರೂ ನಗಲಿಲ್ಲ, ಎಲ್ಲರೂ ‘ಎಲ್ಲಿ ಸಿಕ್ಕಿತು’ ಅಂತ ಕೇಳಿದರಂತೆ. ಇದನ್ನೆಲ್ಲ ನಗುತ್ತಾ ಹೇಳುತ್ತಾರೆ. ಇಷ್ಟೆಲ್ಲ ಇದ್ದೂ ಬ್ರೆಜ್ನೆವ್ ಯಾಕೆ ಅಂದರೆ, ‘ನಾಳೆ ಹೇಗಿರುತ್ತದೆ ಅಂತ ಗೊತ್ತಿತ್ತು’ ಅನ್ನುತ್ತಾರೆ.

ಬೆಂಕಿಪೊಟ್ಟಣ:
ಇದರಲ್ಲಿ ಏನು ವಿಶೇಷ? ಆಗ ಇಲ್ಲೂ ಸೀಮೆಎಣ್ಣೆಗೆ ಕ್ಯೂ, ಸಕ್ಕರೆಗೆ ಕ್ಯೂ. ಬಜಾಜ್ ಸ್ಕೂಟರ್ ಬುಕ್ ಮಾಡಿದರೆ ವರ್ಷಗಟ್ಟಲೆ ಕಾಯಬೇಕಿತ್ತು. ಮಾವ ಮದುವೆಗೆ ಕೊಡ್ತೀನಿ ಅಂದ ಸ್ಕೂಟರ್ ನಾಮಕರಣಕ್ಕೆ ಬರುತ್ತಿತ್ತು. ನಾವೇನು ಕಮ್ಯುನಿಸ್ಟ್ ದೇಶವಾ?

ಡಾನ್ ದಡದ ಡಾಕ್ಟ್ರು:
ಇಷ್ಟೊತ್ತು ಸುಮ್ನೆ ಓದುತ್ತಿದ್ದೆ. ಬೆಂಕಿಪೊಟ್ಟಣ ಅವರ ಪ್ರಶ್ನೆ ತಮಾಷೆಗೆ ಕೇಳಿದ್ದಾದರೂ ಒಳ್ಳೆಯದು. ಕ್ಯೂ ಇಲ್ಲೂ ಇತ್ತು. ಆದರೆ ಇಲ್ಲಿ ಕ್ಯೂನಲ್ಲಿ ನಿಂತು ಇಂದಿರಾ ಗಾಂಧಿಯವರನ್ನು ಜೋರಾಗಿ ಬೈಯಬಹುದಿತ್ತು, ತುರ್ತು ಪರಿಸ್ಥಿತಿಯ ಎರಡು ವರ್ಷ ಬಿಟ್ಟು. ಅಲ್ಲಿ ಬೈಯಲು ಮನೆಗೆ ಹೋಗಬೇಕಿತ್ತು. ಸ್ಟಾಲಿನ್ ಕಾಲದಲ್ಲಿ ಮನೆಯಲ್ಲೂ ಆಗುತ್ತಿರಲಿಲ್ಲ. ಮೇಡಂ ಹೇಳಿದ ಅಡುಗೆಮನೆಯಲ್ಲಿ ಯಾರು ಬಾಯಿ ಬಿಡುತ್ತಾರೆ?

ನಾನು ಡಾಕ್ಟರ್ ಓದಿದ್ದು ಡಾನ್ ನದಿಯ ದಂಡೆಯ ರೊಸ್ತೊವ್ ಊರಿನಲ್ಲಿ. 1983ರ ಸೆಪ್ಟೆಂಬರ್‌ನಲ್ಲಿ ಹೋದೆ, 1990ರಲ್ಲಿ ಬಂದೆ. ಮೂವರು ನಾಯಕರ ಫೋಟೋ ಒಂದೇ ಮೊಳೆಗೆ ಹಾಕಿದ್ದನ್ನು ನಾನೇ ಕಂಡಿದ್ದೇನೆ. ಹೋದಾಗ ಆಂಡ್ರೊಪೊವ್, 1984ರ ಫೆಬ್ರವರಿಯಲ್ಲಿ ತೀರಿಕೊಂಡರು. ಚೆರ್ನೆಂಕೊ ಬಂದು ಹದಿಮೂರು ತಿಂಗಳಿಗೆ ಅವರೂ ಹೋದರು. ಟಿವಿಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಶೋಕದ ಸಂಗೀತ, ಬ್ಯಾಲೆ ಶುರುವಾದರೆ ಹಾಸ್ಟೆಲ್ ಹುಡುಗರು ‘ಈ ಸಲ ಯಾರು’ ಅನ್ನುತ್ತಿದ್ದರು. ಆಗಿನ ಜೋಕ್ ಒಂದಿತ್ತು. ರೆಡ್ ಸ್ಕ್ವೇರ್‌ನಲ್ಲಿ ಅಂತ್ಯಕ್ರಿಯೆ, ಪೊಲೀಸ್ ಒಬ್ಬನನ್ನು ತಡೆದು ‘ಪಾಸ್ ಎಲ್ಲಿ’ ಅಂದನಂತೆ. ಇವನು ‘ನನ್ನ ಹತ್ತಿರ ಸೀಸನ್ ಟಿಕೆಟ್ ಇದೆ’ ಅಂದನಂತೆ.

ಆಂಡ್ರೊಪೊವ್ ಅಂದರೆ ಅಲ್ಲಿನವರಿಗೆ ನೆನಪಾಗುವುದು ಶಿಸ್ತು. 1983ರ ಶುರುವಿನಲ್ಲಿ ಹಗಲು ಹೊತ್ತು ಸಿನಿಮಾ ಮಂದಿರ, ಸ್ನಾನದ ಮನೆ, ಅಂಗಡಿ ಕ್ಯೂ ಎಲ್ಲ ಕಡೆ ಪೊಲೀಸರು ನುಗ್ಗಿ ‘ಈ ಹೊತ್ತಿನಲ್ಲಿ ಕೆಲಸದಲ್ಲಿ ಇರಬೇಕಾದವರು ಇಲ್ಲೇನು ಮಾಡ್ತಿದ್ದೀರಿ’ ಅಂತ ಕೇಳುತ್ತಿದ್ದರು. ಕೆಲಸ ಮುಗಿಸಿ ಹೋದರೆ ಅಂಗಡಿಯಲ್ಲಿ ಏನೂ ಉಳಿದಿರಲ್ಲ, ಕೆಲಸದ ಹೊತ್ತಿನಲ್ಲೇ ಹೋಗಬೇಕು. ಇದು ಪೊಲೀಸರಿಗೂ ಗೊತ್ತು, ಅವರ ಮನೆಗೂ ಸಾಸೇಜ್ ಬೇಕಲ್ಲ. ಕೆಲವೇ ತಿಂಗಳಲ್ಲಿ ಅದೂ ತಣ್ಣಗಾಯಿತು.

ಈಗ ಅಡುಗೆಮನೆ. ನಮ್ಮ ಹಾಸ್ಟೆಲ್ ಬಾಗಿಲು ಕಾಯಲು ಒಬ್ಬ ಅಜ್ಜಿ ಇದ್ದರು. ಮೂಗಿನ ತುದಿಗೆ ಕನ್ನಡಕ, ಕೈಯಲ್ಲಿ ಹೆಣಿಗೆ, ರಾತ್ರಿ ಹನ್ನೊಂದಾದರೆ ದೇವರೇ ಬಂದರೂ ಬಾಗಿಲು ತೆಗೆಯಲ್ಲ. ನನ್ನನ್ನು ಕಂಡರೆ ಮಾತ್ರ ಅಕ್ಕರೆ, ಯಾಕೆಂದರೆ ಊರಿಂದ ಬಂದಾಗೆಲ್ಲ ನಾನು ಟೀ ಪುಡಿ, ಕಾಫಿ ತರುತ್ತಿದ್ದೆ. ಆನೆ ಚಿತ್ರದ ಇಂಡಿಯನ್ ಟೀ ಪೊಟ್ಟಣ, ನಮ್ಮ ದೇಶದ ಇನ್‌ಸ್ಟಂಟ್ ಕಾಫಿ ಡಬ್ಬಿ, ಎರಡೂ ಅಲ್ಲಿ ಲಂಚ ಕೊಡಲು ಲಾಯಕ್ಕಾದ ವಸ್ತು. ಒಂದು ಭಾನುವಾರ ಮನೆಗೆ ಕರೆದರು. ಕ್ರುಶ್ಚೇವ್ ಕಾಲದ ಐದು ಮಹಡಿ ಕಟ್ಟಡ, ಲಿಫ್ಟ್ ಇಲ್ಲ, ಅವರದು ನಾಲ್ಕನೇ ಮಹಡಿ. 1957ರ ಜುಲೈನ ಒಂದು ಆದೇಶದಿಂದ ದೇಶದ ತುಂಬ ಅಂಥವೇ ಕಟ್ಟಿದರು, ಕಾರ್ಖಾನೆಯಲ್ಲಿ ಎರಕ ಹೊಯ್ದ ಗೋಡೆ ತಂದು ನಿಲ್ಲಿಸಿ. ಛಾವಣಿ ಕೈಗೆ ಎಟಕುವ ಹಾಗೆ. ಅಡುಗೆಮನೆ ಐದಾರು ಚದರ ಮೀಟರ್, ಕೂತಲ್ಲಿಂದಲೇ ಒಲೆ, ಸಿಂಕು, ಕಿಟಕಿ ಮೂರೂ ಮುಟ್ಟಬಹುದು. ಕಿಟಕಿ ಕೆಳಗೆ ಗೋಡೆಯಲ್ಲೇ ಒಂದು ಗೂಡು, ಚಳಿಗಾಲದಲ್ಲಿ ಅದೇ ಫ್ರಿಜ್. ನನಗೆ ನಗು ಬಂತು. ಅಜ್ಜಿ ಅಂದರು: ‘ನಗಬೇಡ. ಹದಿನಾಲ್ಕು ವರ್ಷ ಏಳು ಹೆಂಗಸರ ಜೊತೆ ಒಂದೇ ಅಡುಗೆಮನೆಯಲ್ಲಿ ಬೇಯಿಸಿದ್ದೇನೆ. ಈ ಮನೆಗೆ ಬಂದ ಮೊದಲ ರಾತ್ರಿ ಅಡುಗೆಮನೆ ಬಾಗಿಲು ಹಾಕಿಕೊಂಡು ಸುಮ್ಮನೆ ಕೂತಿದ್ದೆ.’

ಇಲಿ ಅವರೇ, ಫೋಟೋ ಬದಲಾದಾಗ ಬದಲಾದದ್ದು ಕ್ಯೂ ಅಲ್ಲದೆ ಇರಬಹುದು. ಆ ಬಾಗಿಲು ಬದಲಾಯಿತು. ಆ ಬಾಗಿಲು ಹಾಕಿಕೊಂಡ ಮೇಲೆಯೇ ರಷ್ಯಾದವರು ಮಾತಾಡಲು ಶುರು ಮಾಡಿದ್ದು. ಅದೂ ನಲ್ಲಿ ಬಿಟ್ಟುಕೊಂಡು, ನೀರಿನ ಸದ್ದಿನಲ್ಲಿ.

ಯೂನಿಯನ್ ರಾಯರು:
ಡಾಕ್ಟ್ರೇ, ಚೆನ್ನಾಗಿ ಬರೆದಿರಿ. ನೋಡಿ, ನೀವೇ ಹೇಳಿದಿರಿ, ಮನೆ ಕೊಟ್ಟರು. ಬಾಡಿಗೆ ಸಂಬಳದ ಚಿಕ್ಕ ಪಾಲು. ಕ್ರುಶ್ಚೇವ್ ಲಕ್ಷಾಂತರ ಜನರನ್ನು ಸ್ಟಾಲಿನ್ ಕಾಲದ ಖೈದಿ ಶಿಬಿರಗಳಿಂದ ಬಿಡಿಸಿದರು, 1956ರಲ್ಲಿ ಪಿಂಚಣಿ ಕಾನೂನು ತಂದರು. ವ್ಯವಸ್ಥೆ ತನ್ನ ತಪ್ಪು ತಾನೇ ತಿದ್ದಿಕೊಂಡಿತು ಅನ್ನುವುದು ನನ್ನ ವಾದ.

ಡಾನ್ ದಡದ ಡಾಕ್ಟ್ರು:
ರಾಯರೇ, ಕಥೆ ಅರ್ಧ ಮಾತ್ರ ಆಗಿದೆ. ಆ ಅಜ್ಜಿ ರೊಸ್ತೊವ್‌ಗೆ ಬರುವ ಮೊದಲು ನೊವೊಚೆರ್ಕಾಸ್ಕ್‌ನಲ್ಲಿ ಇದ್ದವರು. ರೊಸ್ತೊವ್‌ನಿಂದ ನಲವತ್ತು ಕಿಲೋಮೀಟರ್ ಅಷ್ಟೇ. ಆರು ವರ್ಷ ಅವರ ಅಡುಗೆಮನೆಯಲ್ಲಿ ಕೂತು ಸೂಪ್ ಕುಡಿದಿದ್ದೇನೆ, ಆ ಊರಿನ ಬಗ್ಗೆ ಒಂದು ಮಾತು ಆಡಿರಲಿಲ್ಲ. 1989ರಲ್ಲಿ, ಪೇಪರ್‌ನವರು ಅದರ ಬಗ್ಗೆ ಬರೆಯಲು ಶುರು ಮಾಡಿದ ಮೇಲೆ, ಒಂದು ದಿನ ತಾವಾಗಿ ಹೇಳಿದರು.

1962ರ ಜೂನ್ 1ರಂದು ಸರ್ಕಾರ ಮಾಂಸದ ಬೆಲೆ ಶೇ. 30, ಬೆಣ್ಣೆ ಬೆಲೆ ಶೇ. 25 ಏರಿಸಿತು. ಅಲ್ಲಿನ ರೈಲ್ವೆ ಎಂಜಿನ್ ಕಾರ್ಖಾನೆಯಲ್ಲಿ ಅದಕ್ಕೆ ಸ್ವಲ್ಪ ಮೊದಲೇ ಕೂಲಿ ದರ ಬೇರೆ ಇಳಿಸಿದ್ದರು. ಕೆಲಸಗಾರರು ಕೇಳಲು ಹೋದರೆ ಡೈರೆಕ್ಟರ್ ‘ಮಾಂಸಕ್ಕೆ ದುಡ್ಡಿಲ್ಲದಿದ್ದರೆ ಕಡುಬು ತಿನ್ನಿ’ ಅನ್ನುವ ಅರ್ಥದ ಮಾತು ಆಡಿದನಂತೆ. ಮರುದಿನ ಸಾವಿರಾರು ಜನ ಲೆನಿನ್ ಚಿತ್ರ ಹಿಡಿದುಕೊಂಡೇ ಊರ ಚೌಕಕ್ಕೆ ಮೆರವಣಿಗೆ ಬಂದರು. ಸೈನಿಕರು ಗುಂಡು ಹಾರಿಸಿದರು. 26 ಜನ ಸತ್ತರು. ಆಮೇಲೆ ವಿಚಾರಣೆ ಮಾಡಿ ಇನ್ನೂ ಏಳು ಜನರನ್ನು ಕೊಂದರು. ಹೆಣಗಳನ್ನು ಮನೆಯವರಿಗೆ ಕೊಡಲಿಲ್ಲ, ಬೇರೆ ಬೇರೆ ಊರಿನ ಸ್ಮಶಾನಗಳಲ್ಲಿ ಗುಟ್ಟಾಗಿ ಹೂತರು. ರಕ್ತದ ಕಲೆ ತೊಳೆದರೂ ಹೋಗದೆ ಚೌಕಕ್ಕೆ ಹೊಸ ಡಾಂಬರು ಹಾಕಿದರು. ಅದೇ ಚೌಕದಲ್ಲಿ ಯುವಕರಿಗೆ ಡ್ಯಾನ್ಸ್ ಏರ್ಪಡಿಸಿದರು. ಕಂಡವರಿಂದ ‘ಯಾರಿಗೂ ಹೇಳುವುದಿಲ್ಲ’ ಅಂತ ಸಹಿ ಹಾಕಿಸಿಕೊಂಡರು. ನಮ್ಮ ಅಜ್ಜಿಯೂ ಸಹಿ ಹಾಕಿದ್ದರು. 27 ವರ್ಷ ಸಹಿಗೆ ತಪ್ಪದೆ ನಡೆದುಕೊಂಡರು, ಗಂಡನ ಹತ್ತಿರವೂ ಹೇಳಿರಲಿಲ್ಲವಂತೆ. ಹೇಳುವಾಗ ನಲ್ಲಿ ಬಿಡಲಿಲ್ಲ. ಅದನ್ನು ನಾನು ಗಮನಿಸಿದ್ದು ಹಾಸ್ಟೆಲ್‌ಗೆ ಬಂದ ಮೇಲೆ.

ಬಾಗಿಲು ಕೊಟ್ಟವರೂ ಕ್ರುಶ್ಚೇವ್, ಈ ಸಹಿ ಹಾಕಿಸಿದ್ದೂ ಅವರ ಕಾಲದಲ್ಲೇ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಿ ರಾಯರೇ, ಒಂದನ್ನೇ ಅಲ್ಲ.

ಯೂನಿಯನ್ ರಾಯರು:
ಈ ಘಟನೆ ನನಗೆ ಗೊತ್ತಿತ್ತು. ಯೂನಿಯನ್‌ನಲ್ಲಿ ಇದ್ದವನಾಗಿ, ಮುಷ್ಕರ ಮಾಡಿದವರ ಮೇಲೆ ಕಾರ್ಮಿಕರ ಸರ್ಕಾರವೇ ಗುಂಡು ಹಾರಿಸಿದ್ದನ್ನು ಸಮರ್ಥಿಸಲು ನನ್ನಿಂದ ಆಗಲ್ಲ. ಇಷ್ಟು ವರ್ಷ ಆ ಮಾತು ಬಂದರೆ ವಿಷಯ ಬದಲಾಯಿಸುತ್ತಿದ್ದೆ. ಇವತ್ತು ಬದಲಾಯಿಸಲ್ಲ.

ಆದರೆ ಒಂದು ಕೇಳುತ್ತೇನೆ. ಸೋವಿಯತ್ ಒಕ್ಕೂಟವೇ ಮುಗಿದ ಮೇಲೆ ಏನಾಯಿತು? 1994ರ ಹೊತ್ತಿಗೆ ರಷ್ಯಾದ ಗಂಡಸರ ಸರಾಸರಿ ಆಯಸ್ಸು 58 ವರ್ಷಕ್ಕಿಂತ ಕೆಳಗೆ ಬಿತ್ತು. ಅದಕ್ಕೂ ಎಂಟು ವರ್ಷ ಮೊದಲು ಹತ್ತಿರ ಹತ್ತಿರ 65 ಇತ್ತು. ಸ್ವಾತಂತ್ರ್ಯ ಬಂತು ಅಂತ ಚಪ್ಪಾಳೆ ತಟ್ಟಿದವರು ಈ ಲೆಕ್ಕ ಹೇಳಲ್ಲ.

ಡಾನ್ ದಡದ ಡಾಕ್ಟ್ರು:
ಅದು ನೂರಕ್ಕೆ ನೂರು ನಿಜ. ಅದರೊಳಗೆ ಇನ್ನೊಂದು ತಮಾಷೆ ಇದೆ. ಆ 65 ಬಂದದ್ದೇ ಗೊರ್ಬಚೆವ್ ಮಾಡಿದ, ಜನ ಅತಿ ಹೆಚ್ಚು ಬೈದ ಕೆಲಸದಿಂದ. 1985ರ ಮೇ ತಿಂಗಳಲ್ಲಿ ಕುಡಿತದ ವಿರುದ್ಧ ಆದೇಶ ಹೊರಡಿಸಿದರು. ಮದ್ಯದಂಗಡಿ ಮಧ್ಯಾಹ್ನ ಎರಡಕ್ಕೆ ತೆರೆಯುವುದು, ಅರ್ಧಕ್ಕರ್ಧ ಅಂಗಡಿ ಬಂದ್, ಮೊಲ್ಡೊವಾ, ಕ್ರಿಮಿಯಾ ಕಡೆ ಒಳ್ಳೊಳ್ಳೆ ದ್ರಾಕ್ಷಿ ತೋಟ ಕಡಿದು ಹಾಕಿದರು. ಪಕ್ಷದಲ್ಲಿ ಅವರ ಹುದ್ದೆ ಜನರಲ್ ಸೆಕ್ರೆಟರಿ, ಅದು ಹೋಗಿ ‘ಮಿನರಲ್ ಸೆಕ್ರೆಟರಿ’ ಅಂತ ಅಡ್ಡಹೆಸರು ಬಿತ್ತು, ಮಿನರಲ್ ವಾಟರ್ ಕುಡಿಸುವವನು ಅಂತ. ಜನ ಮನೆಯಲ್ಲೇ ಸಾರಾಯಿ ಕಾಯಿಸಲು ಹೊರಟರು, ಅಂಗಡಿಯಿಂದ ಸಕ್ಕರೆ ಮಾಯ. ಆಮೇಲೆ ಸಕ್ಕರೆಗೆ ರೇಷನ್ ಚೀಟಿ ಬಂತು. ಕೆಲವರು ಸೆಂಟು ಕುಡಿದರು. ಆದರೆ ಆಸ್ಪತ್ರೆಯಲ್ಲಿ ನಾವು ಕಲಿಯುತ್ತಿದ್ದಾಗ ಕುಡಿದು ಹೊಡೆದಾಡಿ ಬರುವವರು, ಹಿಮದಲ್ಲಿ ಬಿದ್ದು ಬರುವವರು ಕಣ್ಣಿಗೆ ಕಾಣುವಷ್ಟು ಕಡಿಮೆಯಾದರು. ಆದೇಶ ಸಡಿಲವಾದ ಮೇಲೆ ಮತ್ತೆ ಬಂದರು. ಬೈದ ಜನರ ಆಯಸ್ಸನ್ನೇ ಆ ಆದೇಶ ಹೆಚ್ಚಿಸಿತ್ತು. ಇದನ್ನು ಯಾವ ಕಡೆಯ ವಾದಕ್ಕೆ ಬಳಸಬೇಕೋ ನನಗಂತೂ ತಿಳಿಯಲ್ಲ.

ಅಟ್ಟದ ಇಲಿ:
ಗೊರ್ಬಚೆವ್ ಕಾಲದಲ್ಲಿ ಮಾತಿಗೆ ಸ್ವಾತಂತ್ರ್ಯ, ಅಂಗಡಿ ಖಾಲಿ. ಬ್ರೆಜ್ನೆವ್ ಕಾಲದಲ್ಲಿ ಅಂಗಡಿ ಅರೆ ಖಾಲಿ, ಬಾಯಿಗೆ ಬೀಗ. ಹೀಗಾ?

ಡಾನ್ ದಡದ ಡಾಕ್ಟ್ರು:
ಒರಟಾಗಿ ಹೇಳಿದರೆ ಹಾಗೇ. 1989ರ ಜುಲೈನಲ್ಲಿ ಸೈಬೀರಿಯಾದ ಗಣಿ ಕೆಲಸಗಾರರು ಮುಷ್ಕರ ಹೂಡಿದರಲ್ಲ, ಅವರ ಬೇಡಿಕೆಗಳಲ್ಲಿ ಒಂದು ಸೋಪು. ಕಲ್ಲಿದ್ದಲಿನ ಗುಂಡಿಯಿಂದ ಮೇಲೆ ಬಂದವರಿಗೆ ಮೈ ತೊಳೆಯಲು ಸೋಪು ಇರಲಿಲ್ಲ. ಆದರೆ ಈ ಸಲ ಯಾರೂ ಗುಂಡು ಹಾರಿಸಲಿಲ್ಲ. ಸರ್ಕಾರದವರು ಬಂದು ಕೂತು ಮಾತಾಡಿದರು, ಟಿವಿಯಲ್ಲಿ ತೋರಿಸಿದರು. ನಮ್ಮ ಅಜ್ಜಿ ಆ ಸುದ್ದಿ ನೋಡುತ್ತಾ ಹೆಣಿಗೆ ನಿಲ್ಲಿಸಿದ್ದರು.

ಧಾರವಾಡದ ಮೇಡಂ:
ನೀವೆಲ್ಲ ಗಂಡಸರು ಸೇರಿ ವೋಡ್ಕಾ, ರಾಕೆಟ್, ಆಯಸ್ಸು ಅಂತ ಮಾತಾಡಿದಿರಿ. ಕ್ಯೂನಲ್ಲಿ ನಿಂತವರು ಯಾರು ಅಂತ ಯಾರೂ ಕೇಳಲಿಲ್ಲ. ಹಗಲು ಕಾರ್ಖಾನೆ, ಸಂಜೆ ಕ್ಯೂ, ರಾತ್ರಿ ಒಲೆ. ಹೆಣ್ಣುಮಕ್ಕಳಿಗೆ ನಾಯಕ ಬದಲಾದದ್ದು ಮೈಗೇ ಗೊತ್ತಾಗುತ್ತಿತ್ತು. 1936ರಲ್ಲಿ ಸ್ಟಾಲಿನ್ ಗರ್ಭಪಾತ ನಿಷೇಧಿಸಿದರು, 1955ರಲ್ಲಿ ಮತ್ತೆ ಕಾನೂನುಬದ್ಧ ಆಯಿತು. ನಡುವಿನ ಹತ್ತೊಂಬತ್ತು ವರ್ಷ ಎಷ್ಟು ಹೆಣ್ಣುಮಕ್ಕಳು ಕದ್ದುಮುಚ್ಚಿ ಹೋಗಿ ಜೀವ ಕಳೆದುಕೊಂಡರೋ. ಇನ್ನೂ ಹಿಂದೆ ಹೋದರೆ, 1929ರಲ್ಲಿ ಭಾನುವಾರವನ್ನೇ ತೆಗೆದುಹಾಕಿದ್ದರು. ಐದು ದಿನದ ವಾರ, ಕಾರ್ಖಾನೆ ನಿಲ್ಲಬಾರದು ಅಂತ ಒಬ್ಬೊಬ್ಬರಿಗೆ ಒಂದೊಂದು ಬಣ್ಣ ಕೊಟ್ಟು ಬೇರೆ ಬೇರೆ ದಿನ ರಜೆ. ಗಂಡನಿಗೆ ಹಳದಿ, ಹೆಂಡತಿಗೆ ಕೆಂಪು ಬಿದ್ದರೆ ಇಬ್ಬರೂ ಒಟ್ಟಿಗೆ ಮನೆಯಲ್ಲಿ ಇರೋದೇ ಇಲ್ಲ. ಎರಡು ವರ್ಷದಲ್ಲಿ ಅದನ್ನು ಕೈಬಿಟ್ಟರು, ಆದರೆ ಏಳು ದಿನದ ವಾರ, ಭಾನುವಾರ ವಾಪಸ್ ಬಂದದ್ದು 1940ರಲ್ಲಿ.

ಮತ್ತೊಂದು, ನೀವು ಯಾರೂ ಹೆಸರೇ ಎತ್ತದ ಒಬ್ಬ ನಾಯಕ ಇದ್ದಾರೆ. ಮಲೆಂಕೊವ್. ಸ್ಟಾಲಿನ್ ಸತ್ತ ಮೇಲೆ ಎರಡು ವರ್ಷ ಪ್ರಧಾನಿ. ಅದಕ್ಕೂ ಮೊದಲು ಹಳ್ಳಿಯವರ ಹಿತ್ತಲಿಗೂ ತೆರಿಗೆ ಇತ್ತು, ಹಣ್ಣಿನ ಮರಕ್ಕೂ ಲೆಕ್ಕ. ಕಟ್ಟಲಾರದೆ ಜನ ತಮ್ಮ ಸೇಬಿನ ಮರ ತಾವೇ ಕಡಿದು ಹಾಕಿದರು. 1953ರ ಆಗಸ್ಟ್‌ನಲ್ಲಿ ಮಲೆಂಕೊವ್ ಆ ತೆರಿಗೆಯನ್ನು ಅರ್ಧಕ್ಕರ್ಧ ಇಳಿಸಿದರು. ಹಳ್ಳಿಯಲ್ಲಿ ಗಾದೆಯೇ ಹುಟ್ಟಿತು: ‘ಬಂದ ಮಲೆಂಕೊವ್, ತಿಂದೆವು ಬ್ಲಿನಿ’. ಬ್ಲಿನಿ ಅಂದರೆ ಅವರ ದೋಸೆ. ಆದರೂ ಆ ಹಳ್ಳಿಯವರ ಕೈಗೆ ಪಾಸ್‌ಪೋರ್ಟ್ ಮಾತ್ರ ಬರಲಿಲ್ಲ. ವಿದೇಶಕ್ಕೆ ಹೋಗುವುದಲ್ಲ, ದೇಶದೊಳಗೇ ಊರು ಬಿಟ್ಟು ಹೋಗಲು ಬೇಕಾದ ಪಾಸ್‌ಪೋರ್ಟ್. ಅದನ್ನು ಸಾಮೂಹಿಕ ಬೇಸಾಯದ ರೈತರೆಲ್ಲರಿಗೂ ಕೊಡಬೇಕು ಅಂತ ತೀರ್ಮಾನ ಆದದ್ದು 1974ರಲ್ಲಿ, ಗಗಾರಿನ್ ಆಕಾಶಕ್ಕೆ ಹೋಗಿ ಬಂದ ಹದಿಮೂರು ವರ್ಷಕ್ಕೆ!

ಯೂನಿಯನ್ ರಾಯರು:
ಮೇಡಂ, ಆ ಕೊನೆಯ ವಾಕ್ಯಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಮೆಟ್ರೋ ಟಿಕೆಟ್ ವಿಷಯ ಮಾತ್ರ ವಾಪಸ್ ತೆಗೆದುಕೊಳ್ಳಲ್ಲ.

ಬೆಂಕಿಪೊಟ್ಟಣ:
ರಾಯರು ಐದು ಕೊಪೆಕ್‌ಗೆ ಗಟ್ಟಿಯಾಗಿ ನಿಂತಿದ್ದಾರೆ. ಗೌರವ ಇದೆ ಸರ್.

ಅಟ್ಟದ ಇಲಿ:
ಸರಿ, ನನ್ನ ‘ಅದೇ ಪಕ್ಷ, ಅದೇ ಕ್ಯೂ’ ಅನ್ನುವ ಮಾತು ವಾಪಸ್. ಅಂದ ಹಾಗೆ ನಮ್ಮ ತಾತನ ಕಥೆಯೂ ಇದಕ್ಕೆ ಸೇರಿದ್ದೇ. ನಮ್ಮದು ಕಾಫಿ ತೋಟ. ಆಗ ಬೆಳೆದ ಕಾಫಿಯನ್ನೆಲ್ಲ ಸರ್ಕಾರದ ಕಾಫಿ ಬೋರ್ಡಿನ ಪೂಲ್‌ಗೆ ಕೊಡಬೇಕಿತ್ತು, ಅಲ್ಲಿಂದ ಬಹಳಷ್ಟು ಹೋಗುತ್ತಿದ್ದದ್ದು ರಷ್ಯಾಕ್ಕೆ. 1991ರಲ್ಲಿ ಆ ದೇಶವೇ ಇಲ್ಲವಾದಾಗ ತಾತ ಗೊರ್ಬಚೆವ್‌ಗೆ ಅಚ್ಚ ಮಲೆನಾಡು ಕನ್ನಡದಲ್ಲಿ ಬೈದಿದ್ದು ಅಪ್ಪನಿಗೆ ಇನ್ನೂ ನೆನಪಿದೆ. ಡಾಕ್ಟ್ರ ಅಜ್ಜಿ ಕುಡಿದ ಡಬ್ಬಿಯಲ್ಲಿ ನಮ್ಮ ತೋಟದ ಬೀಜವೂ ಇತ್ತೋ ಏನೋ.

ಲೈಪ್‌ಜಿಗ್ ಅಳಿಯ:
ತಡವಾಗಿ ಬಂದೆ, ಕ್ಷಮಿಸಿ. ಅತ್ತೆಗೆ ಇಡೀ ಚರ್ಚೆ ರಷ್ಯನ್‌ನಲ್ಲಿ ಹೇಳುತ್ತಾ ಬಂದೆ. ನೊವೊಚೆರ್ಕಾಸ್ಕ್ ಬಂದಾಗ ತಲೆ ಆಡಿಸಿದರು ಅಷ್ಟೇ. ಮಲೆಂಕೊವ್ ಹೆಸರು ಬಂದದ್ದೇ ಕೈಯಲ್ಲಿದ್ದ ಕವರ್ ಕೆಳಗಿಟ್ಟು ‘ಇದನ್ನು ಬರೆದವರು ಯಾರು’ ಅಂದರು. ಇಂಡಿಯಾದ ಧಾರವಾಡ ಅನ್ನುವ ಊರಿನ ಟೀಚರ್ ಅಂದೆ. ನಂಬಲೇ ಇಲ್ಲ. ಅವರು ಹುಟ್ಟಿದ್ದು 1947ರಲ್ಲಿ, ತೂಲಾ ಹತ್ತಿರದ ಹಳ್ಳಿಯಲ್ಲಿ. ಅವರ ಅಮ್ಮ ಕೊಡಲಿ ತೆಗೆದುಕೊಂಡು ಹಿತ್ತಲಿನ ಐದು ಸೇಬಿನ ಮರ ಕಡಿದದ್ದು ಅತ್ತೆಯ ಮೊದಲ ನೆನಪಂತೆ. ಒಂದು ಮರ ಹೂ ಬಿಟ್ಟಿತ್ತಂತೆ.

ಧಾರವಾಡದ ಮೇಡಂ:
ಅಯ್ಯೋ. ಆಮೇಲೆ ಮತ್ತೆ ನೆಟ್ಟರೇನು? ಕೇಳ್ರಿ ಸ್ವಲ್ಪ.

ಲೈಪ್‌ಜಿಗ್ ಅಳಿಯ:
ಕೇಳಿದೆ. ತೆರಿಗೆ ಇಳಿದ ಮುಂದಿನ ವರ್ಷ ಮೂರು ಸಸಿ ನೆಟ್ಟರಂತೆ. ಒಂದು ಹಸುವನ್ನೂ ತಂದರಂತೆ. ಆ ಹಸುವನ್ನು 1959ರಲ್ಲಿ ಸಾಮೂಹಿಕ ಬೇಸಾಯದವರಿಗೆ ಕೊಡಬೇಕಾಯಿತು. ಸ್ವಂತ ಹಸು ಯಾಕೆ, ಎಲ್ಲರದೂ ಒಟ್ಟಿಗೆ ಇರಲಿ ಅಂತ ಕ್ರುಶ್ಚೇವ್ ಕಾಲದಲ್ಲಿ ಒತ್ತಾಯ ಶುರುವಾಗಿತ್ತಲ್ಲ, ಆಗ. ಮರಗಳು ಉಳಿದವು. ಹಸು ಮಾತ್ರ ಎರಡು ಸಲ ತಪ್ಪಿಸಿಕೊಂಡು ಮನೆ ಬಾಗಿಲಿಗೆ ಬಂದು ಕೂಗಿತಂತೆ, ಎರಡು ಸಲವೂ ಅತ್ತೆಯೇ ಹಗ್ಗ ಹಿಡಿದು ವಾಪಸ್ ಬಿಟ್ಟು ಬಂದರಂತೆ.

ಅಟ್ಟದ ಇಲಿ:
ಹಸುವಿನ ಹೆಸರು?

ಲೈಪ್‌ಜಿಗ್ ಅಳಿಯ:
ಜೋರ್ಕಾ ಅಂತೆ. ಬೆಳಗಿನ ಜಾವ ಆಕಾಶ ಕೆಂಪಾಗುತ್ತದಲ್ಲ, ಅದು. ಹೆಚ್ಚುಕಡಿಮೆ ನಮ್ಮ ಕೆಂಪಿ.